ಒಂದು ಪದ ಹೇಳೋಕೆ ಇಷ್ಟು ಕಷ್ಟವಾ? ನಿಕ್ಕಿ ಹೇಲಿ, ಗುಲಾಮಗಿರಿ, ಬರ್ಲಿನ್ ಸಭೆಯ ಪ್ರಶ್ನೆ

ಹಾಸನದ ಹುಡುಗ | 29 ಡಿಸೆಂಬರ್ 2023

ಎಲ್ಲರಿಗೂ ನಮಸ್ಕಾರ. ನಾನಿರುವುದು ಸೌತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ. ಬಂದು ಹನ್ನೊಂದು ವರ್ಷವಾಯಿತು. ಈ ಚಳಿಗಾಲಕ್ಕೆ ಅಪ್ಪ ಊರಿಂದ ಬಂದಿದ್ದಾರೆ. ನಿನ್ನೆ ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತಾಗ ನಮ್ಮ ಹಳೇ ಗವರ್ನರ್, ಈಗ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಕೇಳುತ್ತಿರುವ ನಿಕ್ಕಿ ಹೇಲಿ ಅವರ ಆ ವಿಡಿಯೊ ಬಂತು.

ನೋಡದವರಿಗೆ ಹೇಳುತ್ತೇನೆ. ಬುಧವಾರ ನ್ಯೂ ಹ್ಯಾಂಪ್‌ಶೈರ್‌ನ ಬರ್ಲಿನ್ ಅನ್ನೋ ಊರಲ್ಲಿ ಸಭೆ ಇತ್ತು. ಪಕ್ಷದ ಟಿಕೆಟ್ ಬೇಕಾದವರು ಅಲ್ಲಿ ಊರೂರಿಗೆ ಹೋಗಿ ಜನರ ಪ್ರಶ್ನೆಗೆ ಉತ್ತರ ಕೊಡಬೇಕು, ಅದು ರೂಢಿ. ಒಬ್ಬರು ಎದ್ದು ಕೇಳಿದರು: ಅಮೆರಿಕದ ಅಂತರ್ಯುದ್ಧಕ್ಕೆ ಕಾರಣ ಏನು? ಹೇಲಿ ಮೊದಲು, ಇಷ್ಟು ಸುಲಭದ ಪ್ರಶ್ನೆ ಕೇಳಬೇಡಿ ಅಂತ ತಮಾಷೆ ಮಾಡಿದರು. ಆಮೇಲೆ ಸರ್ಕಾರ ಹೇಗೆ ನಡೆಯಬೇಕು, ಜನರ ಸ್ವಾತಂತ್ರ್ಯ, ಏನು ಮಾಡಬಹುದು ಏನು ಮಾಡಬಾರದು ಅಂತ ಶುರು ಮಾಡಿ, ನಿಮ್ಮ ಪ್ರಕಾರ ಕಾರಣ ಏನು ಅಂತ ಅವರನ್ನೇ ತಿರುಗಿ ಕೇಳಿದರು. ಅಧ್ಯಕ್ಷ ಸ್ಥಾನಕ್ಕೆ ನಿಂತಿರೋದು ನಾನಲ್ಲ ಅಂದರು ಅವರು. ಮತ್ತೆ ಸರ್ಕಾರ, ಬಂಡವಾಳ, ಆರ್ಥಿಕ ಸ್ವಾತಂತ್ರ್ಯ. ಕೊನೆಗೆ ಪ್ರಶ್ನೆ ಕೇಳಿದವರೇ ಹೇಳಿದರು, 2023ನೇ ಇಸವಿಯಲ್ಲಿ ಗುಲಾಮಗಿರಿ ಅನ್ನೋ ಪದವೇ ಇಲ್ಲದೆ ಉತ್ತರ ಕೊಟ್ಟಿರಲ್ಲ ಅಂತ. ಅದಕ್ಕೆ ಹೇಲಿ: ಗುಲಾಮಗಿರಿ ಬಗ್ಗೆ ನಾನೇನು ಹೇಳಬೇಕು ಅಂತೀರಿ? ಅವರು: ನನಗೆ ಉತ್ತರ ಸಿಕ್ಕಿತು, ಥ್ಯಾಂಕ್ಸ್. ಹೇಲಿ: ಮುಂದಿನ ಪ್ರಶ್ನೆ.

ಮಗಳು ನಾಲ್ಕನೇ ಕ್ಲಾಸು. ಸೋಫಾ ಮೇಲೆ ಬಿಸ್ಕತ್ತು ತಿನ್ನುತ್ತಿದ್ದವಳು ತಲೆ ಎತ್ತದೆ "ಸ್ಲೇವರಿ" ಅಂದಳು. ಅಪ್ಪ ಮಾತ್ರ, "ಆಯಮ್ಮ ಹೇಳಿದ್ರಲ್ಲಿ ತಪ್ಪೇನಿದೆ? ಹಳೇದನ್ನ ಯಾಕೆ ಕೆದಕಬೇಕು?" ಅಂದರು. ಅಲ್ಲಿಗೆ ನಮ್ಮ ಮನೆಯಲ್ಲೇ ಅಂತರ್ಯುದ್ಧ.

ನಿನ್ನೆ ಬೆಳಗ್ಗೆ ರೇಡಿಯೊದಲ್ಲಿ ಹೇಲಿ, ಯುದ್ಧ ಗುಲಾಮಗಿರಿಯದ್ದೇ, ಅದು ಎಲ್ಲರಿಗೂ ಗೊತ್ತು ಅಂತ ತಿದ್ದಿಕೊಂಡರು. ಜೊತೆಗೆ, ಪ್ರಶ್ನೆ ಕೇಳಿದವರನ್ನು ಡೆಮಾಕ್ರಟರು ಕಳಿಸಿದ್ದು ಅಂತಲೂ ಅಂದರು. ಇಷ್ಟು ಸಾಕಾ? ಅಥವಾ 2010ರಲ್ಲಿ ಇದೇ ಯುದ್ಧದ ಬಗ್ಗೆ, ಒಂದು ಕಡೆಯವರು ಸಂಪ್ರದಾಯಕ್ಕಾಗಿ ಹೋರಾಡಿದರು, ಇನ್ನೊಂದು ಕಡೆಯವರು ಬದಲಾವಣೆಗಾಗಿ ಅಂದಿದ್ದರಲ್ಲ, ಅದಕ್ಕೂ ಜನ ಸ್ಪಷ್ಟನೆ ಕೇಳಬೇಕಾ? ಅಪ್ಪನಿಗೆ ಏನು ಹೇಳಲಿ?

ಮಿರ್ಚಿ ಮಂಡಕ್ಕಿ | 29 ಡಿಸೆಂಬರ್

ಉತ್ತರ ಗೊತ್ತಿದ್ದೂ ಬರೆಯದೆ ನಾಲ್ಕು ಅಡಿಷನಲ್ ಶೀಟ್ ತುಂಬಿಸಿದ ಮೊದಲ ವಿದ್ಯಾರ್ಥಿನಿ.

ತುಮಕೂರು ಮೇಷ್ಟ್ರು | 29 ಡಿಸೆಂಬರ್

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು, ಸುಮ್ಮನಿರೋಕೆ ಆಗಲ್ಲ. ಕಾರಣ ಹುಡುಕೋಕೆ ಎಲ್ಲೂ ಹೋಗಬೇಕಿಲ್ಲ, ಅಮೆರಿಕದ ಒಕ್ಕೂಟ ಬಿಟ್ಟು ಹೋಗಿ ಉತ್ತರದವರ ಮೇಲೆ ಯುದ್ಧ ಮಾಡಿದ ದಕ್ಷಿಣದ ರಾಜ್ಯದವರೇ ಬರೆದಿಟ್ಟಿದ್ದಾರೆ. ಮೊದಲು ಒಕ್ಕೂಟ ಬಿಟ್ಟ ರಾಜ್ಯ ಯಾವುದು? ಹೇಲಿ ಅವರದೇ ಸೌತ್ ಕೆರೊಲಿನಾ. 1860ರ ಡಿಸೆಂಬರ್ 20. ನಾಲ್ಕು ದಿನದ ನಂತರ, 24ಕ್ಕೆ, ಯಾಕೆ ಬಿಟ್ಟೆವು ಅಂತ ಒಂದು ಘೋಷಣಾಪತ್ರ ಒಪ್ಪಿದರು. ಅದರ ಸಾರ ಇಷ್ಟೇ: ಗುಲಾಮರಿಲ್ಲದ ರಾಜ್ಯಗಳು ನಮ್ಮ ಗುಲಾಮಗಿರಿಯ ಮೇಲೆ ಹಗೆ ಸಾಧಿಸುತ್ತಿವೆ, ಓಡಿಹೋದ ಗುಲಾಮರನ್ನು ಹಿಡಿದು ವಾಪಸ್ ಕೊಡುತ್ತಿಲ್ಲ. ಕೊಡದ ರಾಜ್ಯಗಳ ಹೆಸರನ್ನೂ ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಕೂಡ ಇದೆ!

ಅಂದರೆ ಸೌತ್ ಕೆರೊಲಿನಾದ ಮಾಜಿ ಗವರ್ನರ್, ಆ ರಾಜ್ಯವೇ ಹೆಸರು ಹಿಡಿದು ಬೈದ ನ್ಯೂ ಹ್ಯಾಂಪ್‌ಶೈರ್‌ನ ನೆಲದಲ್ಲಿ ನಿಂತು, ಜಗಳ ಯಾಕೆ ಬಂತು ಅನ್ನೋದನ್ನ ಮರೆತರು. ಉತ್ತರದ ಕಡೆಯ ಕಾಲಾಳು ದಳಗಳಲ್ಲಿ ಕಾಳಗದಲ್ಲಿ ಅತಿ ಹೆಚ್ಚು ಜನ ಸತ್ತಿದ್ದು ಐದನೇ ನ್ಯೂ ಹ್ಯಾಂಪ್‌ಶೈರ್ ದಳದಲ್ಲಿ. ಆ ಸಭೆಯಲ್ಲಿ ಯಾರ ಮುತ್ತಜ್ಜ ಎಲ್ಲಿ ಮಣ್ಣಾಗಿದ್ದನೋ.

ಕಾಫಿ ಲೋಟ | 29 ಡಿಸೆಂಬರ್

ಮೇಷ್ಟ್ರೇ, ಅಷ್ಟು ಸರಳ ಅಲ್ಲ. ಆಗಿನ ಅಧ್ಯಕ್ಷ ಲಿಂಕನ್ನೇ 1862ರ ಆಗಸ್ಟ್‌ನಲ್ಲಿ ಹೊರೇಸ್ ಗ್ರೀಲಿ ಅನ್ನೋ ಪತ್ರಕರ್ತನಿಗೆ ಬರೆದ ಪತ್ರ ಓದಿ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಸೋಕೆ ಆಗೋದಾದರೆ ಹಾಗೇ ಮಾಡುತ್ತೇನೆ ಅಂದಿದ್ದಾನೆ. ಮಿಸೂರಿ, ಕೆಂಟಕಿ, ಮೇರಿಲ್ಯಾಂಡ್, ಡೆಲಾವೇರ್ ನಾಲ್ಕರಲ್ಲೂ ಗುಲಾಮಗಿರಿ ಇತ್ತು, ಆದರೂ ಒಕ್ಕೂಟದಲ್ಲೇ ಉಳಿದವು. ಆಗ ಇದು ಕೇಂದ್ರ ಮತ್ತು ರಾಜ್ಯಗಳ ಅಧಿಕಾರದ ಜಗಳವೂ ಹೌದು ತಾನೇ? ಆಯಮ್ಮ ಹೇಳಿದ್ದು ಪೂರ್ತಿ ಸುಳ್ಳು ಅಂತ ನನಗನ್ನಿಸಲ್ಲ. ಅರ್ಧ ಹೇಳಿದರು, ಅಷ್ಟೇ. ಬೇಕಂತಲೇ ಸಿಕ್ಕಿಸೋಕೆ ಕೇಳಿದ ಪ್ರಶ್ನೆ ಅದು.

ಪಾರ್ವತಕ್ಕ, ನ್ಯೂಜೆರ್ಸಿ | 29 ಡಿಸೆಂಬರ್

ಸಿಕ್ಕಿಸೋ ಪ್ರಶ್ನೆ ಅಂದರೆ ಉತ್ತರ ಗೊತ್ತಿಲ್ಲದ್ದು ಕಣಪ್ಪ. ನಾಲ್ಕನೇ ಕ್ಲಾಸಿನ ಹುಡುಗಿಗೆ ಗೊತ್ತಿರೋದು ಸಿಕ್ಕಿಸೋ ಪ್ರಶ್ನೆ ಹೇಗಾಗುತ್ತೆ?

ತುಮಕೂರು ಮೇಷ್ಟ್ರು | 30 ಡಿಸೆಂಬರ್

ಕಾಫಿ ಲೋಟ ಅವರೇ, ಎರಡು ಪ್ರಶ್ನೆಯನ್ನು ಕಲಸಿ ಒಂದು ಮಾಡುತ್ತಿದ್ದೀರಿ. ದಕ್ಷಿಣದವರು ಯಾಕೆ ಬಿಟ್ಟು ಹೋದರು ಅನ್ನೋದು ಒಂದು. ಉತ್ತರದವರು ಯಾಕೆ ಬಂದೂಕು ಹಿಡಿದರು ಅನ್ನೋದು ಇನ್ನೊಂದು. ಎರಡನೆಯದಕ್ಕೆ ಒಕ್ಕೂಟ ಉಳಿಸೋಕೆ ಅನ್ನಿ, ಒಪ್ಪುತ್ತೇನೆ. ಆದರೆ ಲಿಂಕನ್ ಅಧಿಕಾರ ಹಿಡಿದಿದ್ದು 1861ರ ಮಾರ್ಚ್ 4ಕ್ಕೆ. ಅಷ್ಟರೊಳಗೆ ಏಳು ರಾಜ್ಯ ಬಿಟ್ಟು ಹೋಗಿದ್ದವು. ಆ ಪತ್ರ ಬರೆಯೋ ಹೊತ್ತಿಗೆ ಗುಲಾಮರ ವಿಮೋಚನೆಯ ಕರಡನ್ನು ಅವನು ತನ್ನ ಮಂತ್ರಿಗಳಿಗೆ ಓದಿ ಹೇಳಿ ಒಂದು ತಿಂಗಳಾಗಿತ್ತು. ಚಾಲಾಕಿ ಮನುಷ್ಯ.

ರಾಜ್ಯಗಳ ಹಕ್ಕು ಅಂತೀರಲ್ಲ, ಯಾವ ಹಕ್ಕು? ಓಡಿಬಂದ ಗುಲಾಮನನ್ನು ಹಿಡಿದುಕೊಡಲ್ಲ ಅಂತ ಉತ್ತರದ ರಾಜ್ಯಗಳು ಕಾನೂನು ಮಾಡಿದಾಗ, ಕೇಂದ್ರ ಅವರನ್ನು ಬಗ್ಗಿಸಬೇಕು ಅಂತ ಕೂಗಿದವರೇ ದಕ್ಷಿಣದವರು. ಅವರು ಆಮೇಲೆ ಮಾಡಿಕೊಂಡ ಸಂವಿಧಾನದಲ್ಲಿ, ಗುಲಾಮರ ಮೇಲಿನ ಆಸ್ತಿ ಹಕ್ಕಿಗೆ ಧಕ್ಕೆ ತರುವ ಕಾನೂನು ಮಾಡಲೇಬಾರದು ಅಂತ ಬರೆದುಕೊಂಡರು. ಅವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಸವಾನಾದಲ್ಲಿ ಭಾಷಣ ಮಾಡಿ, ಕರಿಯರು ಬಿಳಿಯರಿಗೆ ಸಮಾನರಲ್ಲ ಅನ್ನೋದೇ ನಮ್ಮ ಸರ್ಕಾರದ ಮೂಲೆಗಲ್ಲು ಅಂದ. ಯುದ್ಧ ಸೋತ ಮೇಲೆ ಮಾತು ಬದಲಾಯಿತು. ಆಗ ಹುಟ್ಟಿದ್ದು ಈ ಸಂಪ್ರದಾಯ, ಹಕ್ಕು, ಮರ್ಯಾದೆ ಕಥೆಯೆಲ್ಲ.

ಕಾಫಿ ಲೋಟ | 30 ಡಿಸೆಂಬರ್

ಓಡಿಬಂದ ಗುಲಾಮರ ಕಾನೂನಿನ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೂ ಒಬ್ಬ ರಾಜಕಾರಣಿ ಒಂದು ಸಂಜೆ ಆಡಿದ ಮಾತಿಗೆ ಇಷ್ಟು ರಾದ್ಧಾಂತ ಬೇಕಾ? ಬೈಡನ್ ಕೂಡ ವಿಡಿಯೊ ಹಾಕಿ "ಅದು ಗುಲಾಮಗಿರಿಯ ಕುರಿತದ್ದು" ಅಂತ ಬರೆದರು. ಎಲ್ಲರಿಗೂ ಪುಕ್ಕಟೆ ಪ್ರಚಾರ.

ಸುಮ್ನೆ ಓದುಗ | 30 ಡಿಸೆಂಬರ್

ಲೆಕ್ಕ ಬಿಡಿಸಿ ಹೇಳುತ್ತೇನೆ ನೋಡಿ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಯಾವ ಪಕ್ಷಕ್ಕೂ ಸೇರದವರು ಕೂಡ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಆರಿಸೋ ಚುನಾವಣೆಯಲ್ಲಿ, ವೋಟು ಹಾಕಬಹುದು. ಅವರ ವೋಟು ಬೇಕು. ಅದಾದ ತಿಂಗಳಿಗೆ ಸೌತ್ ಕೆರೊಲಿನಾ ಪ್ರೈಮರಿ. ಅಲ್ಲಿ ಅಂತರ್ಯುದ್ಧದಲ್ಲಿ ದಕ್ಷಿಣದವರು ಹಿಡಿದ ಹಳೇ ಬಾವುಟ ಕಂಡರೆ ಕಣ್ಣು ತುಂಬಿಕೊಳ್ಳೋ ಜನರ ವೋಟೂ ಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಒಂದು ನಿಮಿಷದಲ್ಲಿ ಅವರ ತಲೆಯಲ್ಲಿ ಓಡಿದ್ದು ಇತಿಹಾಸ ಅಲ್ಲ, ಮತಪಟ್ಟಿ.

ಪಾರ್ವತಕ್ಕ, ನ್ಯೂಜೆರ್ಸಿ | 30 ಡಿಸೆಂಬರ್

ಆದರೆ ಆ ಬಾವುಟ ಇಳಿಸಿದ್ದೂ ಇದೇ ಹೇಲಿ ಅಲ್ವಾ? 2015ರ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನ ಎಮಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಜನ ಕಪ್ಪು ಜನರನ್ನು ಒಬ್ಬ ಹುಡುಗ ಗುಂಡಿಟ್ಟು ಕೊಂದ. ಜುಲೈ 10ಕ್ಕೆ ವಿಧಾನಸೌಧದ ಅಂಗಳದಿಂದ ಆ ಬಾವುಟ ಇಳಿಯಿತು. ನಾನು ಅವತ್ತು ಟಿವಿ ಮುಂದೆ ನಿಂತೇ ನೋಡಿದ್ದೆ. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಗಟ್ಟಿಯಾಗಿ ನಿಂತಳಲ್ಲ ಅಂತ ಹೆಮ್ಮೆ ಆಗಿತ್ತು. ಅದಕ್ಕೇ ಈಗ ಹೊಟ್ಟೆ ಉರಿಯೋದು.

ಮಿರ್ಚಿ ಮಂಡಕ್ಕಿ | 30 ಡಿಸೆಂಬರ್

2019ರಲ್ಲಿ ಅದೇ ಬಾವುಟ ಕೆಲವರಿಗೆ ಸೇವೆ, ತ್ಯಾಗ, ಪರಂಪರೆಯ ಗುರುತಾಗಿತ್ತು, ಕೊಲೆಗಾರ ಬಂದು ಕೆಡಿಸಿದ ಅಂತಲೂ ಅಂದರು ಅಕ್ಕಾ. ಇಳಿಸಿದ ಕೈ ಒಂದು, ಮಾತಾಡಿದ ಬಾಯಿ ಇನ್ನೊಂದು.

ಗದ್ದೆಮನೆ | 30 ಡಿಸೆಂಬರ್

ನನಗೆ ಹೇಲಿಗಿಂತ ಆ ಪ್ರಶ್ನೆ ಕೇಳಿದವರೇ ಹಿಡಿಸಿದರು. ಕೂಗಲಿಲ್ಲ. ಮೈಕ್ ಕಿತ್ತುಕೊಳ್ಳಲಿಲ್ಲ. ಒಂದು ಕೇಳಿ, ಮರುಪ್ರಶ್ನೆ ಬಂದಾಗ ಅದನ್ನ ವಾಪಸ್ ಅಲ್ಲೇ ಇಟ್ಟು, ಥ್ಯಾಂಕ್ಸ್ ಹೇಳಿ ಕೂತರು. ನಮ್ಮೂರ ಗ್ರಾಮಸಭೆಯಲ್ಲಿ ನಾನು ಒಂದು ಸಲ ಎದ್ದು, ಹೋದ ಚುನಾವಣೆಯಲ್ಲಿ ಕಾಲುಸಂಕದ ಬಗ್ಗೆ ನೀವು ಹೀಗಂದಿದ್ದಿರಲ್ಲ ಅಂತ ಶುರು ಮಾಡಿದೆ. ವಾಕ್ಯ ಮುಗಿಯೋದರೊಳಗೆ "ಅವರಿಗೊಂದು ಟೀ ಕೊಡ್ರೋ" ಅಂದರು. ಟೀ ಬಂತು. ಮೈಕ್ ಹೋಯಿತು. ಟೀ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಸುಮ್ನೆ ಓದುಗ | 30 ಡಿಸೆಂಬರ್

😂 ಕಾಲುಸಂಕ ಆಯಿತಾ?

ಗದ್ದೆಮನೆ | 30 ಡಿಸೆಂಬರ್

ಅಡಿಕೆ ದಬ್ಬೆ ಹಾಕಿಕೊಂಡು ದಾಟುತ್ತಿದ್ದೇವೆ.

ಕಾಫಿ ಲೋಟ | 31 ಡಿಸೆಂಬರ್

ಡೆಮಾಕ್ರಟರು ಕಳಿಸಿದವನು ಅಂತ ಹೇಲಿ ಹೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಪಾರ್ವತಕ್ಕ, ನ್ಯೂಜೆರ್ಸಿ | 31 ಡಿಸೆಂಬರ್

ಯಮನೇ ಕಳಿಸಿರಲಿ. ಪ್ರಶ್ನೆ ಸರಿ ಇತ್ತೋ ಇಲ್ಲವೋ? ಪರೀಕ್ಷೆಯಲ್ಲಿ ಪೇಪರ್ ಯಾರು ಸೆಟ್ ಮಾಡಿದ್ದು ಅಂತ ಕೇಳಿದರೆ ಮಾರ್ಕ್ಸ್ ಬರುತ್ತಾ?

ಹಾಸನದ ಹುಡುಗ | 31 ಡಿಸೆಂಬರ್

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳುತ್ತಿದ್ದೇನೆ. ಮೇಷ್ಟ್ರು ಬರೆದಿದ್ದಕ್ಕೆ "ಹೌದಾ" ಅಂದರು. ಟೀ ಕಥೆಗೆ ಜೋರಾಗಿ ನಕ್ಕರು. ಬಿಟ್ಟರೆ ಬೇರೇನೂ ಅಂದಿಲ್ಲ.

ಒಂದು ವಿಷಯ ಹೇಳಬೇಕು. ಎರಡು ವರ್ಷದ ಕೆಳಗೆ ಚಾರ್ಲ್ಸ್‌ಟನ್‌ಗೆ ಹೋಗಿದ್ದೆವು. ಅಲ್ಲಿ ಹಳೇ ಇಟ್ಟಿಗೆ ಕಟ್ಟಡ ಜಾಸ್ತಿ. ನಮ್ಮ ಗೈಡ್ ಒಂದು ಗೋಡೆ ಹತ್ತಿರ ನಿಲ್ಲಿಸಿ ಒಂದು ಇಟ್ಟಿಗೆ ತೋರಿಸಿದರು. ಅದರಲ್ಲಿ ಬೆರಳಿನ ಗುರುತು. ಇಟ್ಟಿಗೆ ಮಾಡುತ್ತಿದ್ದವರು ಗುಲಾಮರು, ಮಕ್ಕಳೂ ಸೇರಿ. ಹಸಿ ಇಟ್ಟಿಗೆ ಎತ್ತಿ ಒಣಗೋಕೆ ಇಡುವಾಗ ಬೆರಳು ಅಚ್ಚಾಗಿತ್ತು. ಮಗಳು ತನ್ನ ಬೆರಳು ಅದರೊಳಗೆ ಇಟ್ಟಳು. ಸರಿಯಾಗಿ ಕೂತಿತು. ಅವಳಿಗಾಗ ಏಳು ವರ್ಷ. ಟಿವಿ ನೋಡುತ್ತಾ ತಲೆ ಎತ್ತದೆ ಉತ್ತರ ಹೇಳಿದಳಲ್ಲ, ಅದು ಪುಸ್ತಕದಿಂದ ಬಂದದ್ದಲ್ಲ ಅಂತ ನನಗನ್ನಿಸುತ್ತೆ.

ಗದ್ದೆಮನೆ | 31 ಡಿಸೆಂಬರ್

ಚಾರ್ಲ್ಸ್‌ಟನ್ ಮಾರ್ಕೆಟ್ಟಿನಲ್ಲಿ ಹುಲ್ಲಿನ ಬುಟ್ಟಿ ಹೆಣೆಯೋ ಹೆಂಗಸರನ್ನ ನೋಡಿದಿರಾ? ನನ್ನ ತಮ್ಮ ಅಟ್ಲಾಂಟಾದಿಂದ ಹೋದವನು ಫೋಟೊ ಕಳಿಸಿದ್ದ. ಒಂದು ಅಗಲವಾದ ತಟ್ಟೆ ತರದ್ದು ಇತ್ತು, ಥೇಟ್ ನಮ್ಮ ಮೊರ! ವಿಚಾರಿಸಿದರೆ ಅದೂ ಭತ್ತ ಕೇರೋಕೇ ಮಾಡುತ್ತಿದ್ದದ್ದಂತೆ.

ಹತ್ತಿಗಿಂತ ಮೊದಲು ಆ ಸೀಮೆಗೆ ದುಡ್ಡು ತಂದದ್ದು ಭತ್ತ. ಬಿಳಿ ಜಮೀನ್ದಾರರಿಗೆ ಗದ್ದೆ ಕೆಲಸ ಏನು ಗೊತ್ತು? ಪಶ್ಚಿಮ ಆಫ್ರಿಕಾದ ಭತ್ತದ ಸೀಮೆಯಿಂದ ತಂದ ಜನಕ್ಕೆ ಗೊತ್ತಿತ್ತು. ಜೌಗು ಕಡಿದು, ಅಂಚು ಕಟ್ಟಿ, ಉಬ್ಬರದ ನೀರಿಗೆ ತೂಬು ಇಟ್ಟು ಗದ್ದೆ ಮಾಡಿದವರು ಅವರು. ಸೊಂಟದವರೆಗೆ ಕೆಸರು, ಸೊಳ್ಳೆ, ಹಾವು, ಜ್ವರ. ಆಮೇಲೆ ಒರಳಲ್ಲಿ ಹಾಕಿ ಒನಕೆಯಲ್ಲಿ ಕುಟ್ಟಬೇಕು, ಅದೂ ಗದ್ದೆ ಕೆಲಸ ಮುಗಿದ ಮೇಲೆ. ನಮ್ಮಜ್ಜಿ ಭತ್ತ ಕುಟ್ಟಿದ ಕೈ ನೋಡಿದವನು ನಾನು. ಆಕೆ ಮನೆಗೆ ಕುಟ್ಟುತ್ತಿದ್ದಳು. ಅವರು ಹಡಗು ತುಂಬೋಕೆ ಕುಟ್ಟುತ್ತಿದ್ದರು.

ತುಮಕೂರು ಮೇಷ್ಟ್ರು | 31 ಡಿಸೆಂಬರ್

1860ರ ಜನಗಣತಿಯಲ್ಲಿ ಸೌತ್ ಕೆರೊಲಿನಾದ ನೂರು ಜನರಲ್ಲಿ 57 ಮಂದಿ ಗುಲಾಮರು. ದೇಶ ಪೂರ್ತಿ ಸುಮಾರು 40 ಲಕ್ಷ. "ಜನರ ಸ್ವಾತಂತ್ರ್ಯ" ಅಂದಾಗ ಯಾವ ಜನ ಅಂತ ಕೇಳಬೇಕಾಗುತ್ತೆ.

ಆನೇಕಲ್ ಸೀನ | 1 ಜನವರಿ 2024

ಹೊಸ ವರ್ಷದ ಶುಭಾಶಯ. ದಿನಾ ಓದುತ್ತೇನೆ, ಬರೆಯೋದು ಕಮ್ಮಿ. ಅಮೆರಿಕದ್ದು ಬಿಡಿ, ನಮ್ಮದು ಹೇಳುತ್ತೇನೆ.

ನಮ್ಮ ದೊಡ್ಡಪ್ಪ ಎಂಟನೇ ವಯಸ್ಸಿಗೆ ಜೀತಕ್ಕೆ ಹೋದವರು. ಅತ್ತೆ ಮದುವೆಗೆ ತಾತ ತಂದ ಸಾಲ ಮುನ್ನೂರು ರೂಪಾಯಿ. ದನ ಮೇಯಿಸಬೇಕು, ಸಗಣಿ ಬಾಚಬೇಕು, ನೀರು ಹೊರಬೇಕು. ವರ್ಷಕ್ಕೊಂದು ಜೊತೆ ಬಟ್ಟೆ, ಒಂದು ಕಂಬಳಿ, ಎರಡು ಹೊತ್ತು ಮುದ್ದೆ. ಅವರ ತಟ್ಟೆ ಕೊಟ್ಟಿಗೆ ಸೂರಿಗೆ ಸಿಕ್ಕಿಸಿರುತ್ತಿತ್ತು, ಬೇರೆಯವರು ಮುಟ್ಟುತ್ತಿರಲಿಲ್ಲ. ಜ್ವರ ಬಂದು ಮಲಗಿದ ದಿನವನ್ನೂ ಸಾಲಕ್ಕೆ ಸೇರಿಸುತ್ತಿದ್ದರು. ಹದಿನಾಲ್ಕು ವರ್ಷ ದುಡಿದ ಮೇಲೂ ಸಾಲ ಮುನ್ನೂರೇ ಇತ್ತು. ಅವರಿಗೆ ಓದೋಕೆ ಬರುತ್ತಿರಲಿಲ್ಲ, ಧಣಿ ಓದಿದ್ದೇ ಲೆಕ್ಕ.

1976ರಲ್ಲಿ ಜೀತ ರದ್ದು ಕಾಯ್ದೆ ಬಂತು. ಸಾಲವೂ ರದ್ದು ಅಂತ ಕಾಯ್ದೆಯಲ್ಲೇ ಇದೆ. ಆದರೆ ಬಿಡುಗಡೆ ಪತ್ರ ಕೈಗೆ ಬರಬೇಕಾದರೆ, ನೀನು ಜೀತದಲ್ಲಿದ್ದೆ ಅಂತ ಅಧಿಕಾರಿಗಳು ಒಪ್ಪಬೇಕು. ನಮ್ಮ ಕಡೆ ಜೀವಿಕ ಸಂಘಟನೆಯವರು ಹಳ್ಳಿ ಹಳ್ಳಿ ತಿರುಗಿ ಜೀತದಾಳುಗಳ ಪಟ್ಟಿ ಮಾಡುತ್ತಿದ್ದರು. ಆಫೀಸಿಗೆ ಹೋದರೆ ಮೊದಲ ಮಾತು, "ಈ ತಾಲೂಕಲ್ಲಿ ಜೀತ ಇಲ್ಲವಲ್ಲ". ಅದೇ ಹೇಲಿ ಉತ್ತರ ನೋಡಿ. ಪದ ಹೇಳದಿದ್ದರೆ ವಿಷಯವೇ ಇಲ್ಲ.

ಕಾಫಿ ಲೋಟ | 1 ಜನವರಿ

ಸೀನಣ್ಣ, ಓದಿ ಬೇಜಾರಾಯಿತು. ಆದರೆ ಎರಡೂ ಒಂದೇ ಅಂದರೆ ತಪ್ಪಾಗುತ್ತೆ. ಅಲ್ಲಿ ಮನುಷ್ಯರನ್ನೇ ಹರಾಜು ಹಾಕುತ್ತಿದ್ದರು, ಹುಟ್ಟಿದ ಮಗುವೂ ಒಡೆಯನ ಆಸ್ತಿ. ಇಲ್ಲಿ ಸಾಲ.

ತುಮಕೂರು ಮೇಷ್ಟ್ರು | 1 ಜನವರಿ

ವ್ಯತ್ಯಾಸ ಇದೆ, ನಿಜ. ಆದರೆ ನಮ್ಮಲ್ಲಿ ಮಾರಾಟ ಇರಲಿಲ್ಲ ಅಂದುಕೊಳ್ಳಬೇಡಿ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೊಲಗೆಲಸದ ಗುಲಾಮರನ್ನು ಕೊಳ್ಳುವ ಮಾರುವ ವಿಷಯ ಬರೆದಿಟ್ಟಿದ್ದಾನೆ. ಗುಲಾಮ ನನ್ನ ಆಸ್ತಿ ಅಂತ ಯಾರೇ ಬಂದರೂ ಕೋರ್ಟು ಒಪ್ಪಬಾರದು ಅಂತ ಕಂಪನಿ ಸರ್ಕಾರ 1843ರಲ್ಲಿ ಕಾಯ್ದೆ ಮಾಡಬೇಕಾಯಿತು. ಇಲ್ಲದಿದ್ದರೆ ಕಾಯ್ದೆ ಯಾಕೆ?

ಸುಮ್ನೆ ಓದುಗ | 1 ಜನವರಿ

ಶುರುವಾಯಿತು. ಅಮೆರಿಕದ ವಿಷಯ ಎತ್ತಿದರೆ ನಮ್ಮದಕ್ಕೆ ಬರೋದು, ನಮ್ಮದು ಎತ್ತಿದರೆ ಅಮೆರಿಕಕ್ಕೆ ಹೋಗೋದು. ಯಾರೂ ಯಾರಿಗೂ ಉತ್ತರ ಕೊಡದೆ ಇರೋಕೆ ಒಳ್ಳೆ ದಾರಿ.

ಆನೇಕಲ್ ಸೀನ | 1 ಜನವರಿ

ನಾನು ಉತ್ತರ ತಪ್ಪಿಸೋಕೆ ಬರೆದಿಲ್ಲ ಸ್ವಾಮಿ. ಹಾಸನದವರ ಅಪ್ಪ "ಹಳೇದನ್ನ ಯಾಕೆ ಕೆದಕಬೇಕು" ಅಂದರಲ್ಲ, ಅದಕ್ಕೆ ಬರೆದದ್ದು. ನಮ್ಮ ದೊಡ್ಡಪ್ಪ ಇನ್ನೂ ಬದುಕಿದ್ದಾರೆ. ಹಳೇದು ಯಾರಿಗೆ?

ನಿರ್ವಾಹಕ | 2 ಜನವರಿ

ರಾತ್ರಿ ಜಾತಿ ಹೆಸರು ಹಿಡಿದು ಬೈದಾಡಿದ ಮೂರು ಉತ್ತರ ತೆಗೆದಿದ್ದೇನೆ. ಬರೆದವರಿಗೆ ಗೊತ್ತಿದೆ. ಇನ್ನೊಂದು ಸಲ ಆದರೆ ಬೀಗ.

ಬಳ್ಳಾರಿ ಬಿಸಿಲು | 2 ಜನವರಿ

ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿ ತೆಲುಗು. ತೆಲುಗಲ್ಲಿ ಜೀತಂ ಅಂದರೆ ಸಂಬಳ! ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ, ಪಕ್ಕದ ಮನೆ ಕನ್ನಡದವರ ಹತ್ತಿರ "ನಮ್ಮ ಹುಡುಗನಿಗೆ ಬ್ಯಾಂಕಲ್ಲಿ ಜೀತ" ಅಂದುಬಿಟ್ಟಿದ್ದರಂತೆ.

ತುಮಕೂರು ಮೇಷ್ಟ್ರು | 2 ಜನವರಿ

ದಾರಿ ತಪ್ಪಿಲ್ಲ. ಹಳಗನ್ನಡದಲ್ಲೂ ಜೀತ ಅಂದರೆ ಸಂಬಳವೇ. ಸಂಬಳ ಹೋಯಿತು, ಪದ ಉಳಿಯಿತು.

ಮಿರ್ಚಿ ಮಂಡಕ್ಕಿ | 2 ಜನವರಿ

ಬಾಂಡ್ ಬರೆಸಿಕೊಂಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಎರಡೂ ಅರ್ಥ ಈಗಲೂ ಚಾಲ್ತಿಯಲ್ಲಿದೆ.

ಆನೇಕಲ್ ಸೀನ | 2 ಜನವರಿ

ಈ ಜೋಕು ಬೇಡ ಅಣ್ಣ.

ಮಿರ್ಚಿ ಮಂಡಕ್ಕಿ | 2 ಜನವರಿ

ತಪ್ಪಾಯಿತು ಸೀನಣ್ಣ. ಅಳಿಸಲ್ಲ, ತಪ್ಪು ಅಂತಲೇ ಇರಲಿ.

ಯಲ್ಲಾಪುರದವಳು | 3 ಜನವರಿ

ಇಲ್ಲಿ ಇಷ್ಟು ಜನ ಗುಲಾಮಗಿರಿ ಅಂತೀರಿ, ಒಬ್ಬರಿಗೂ ಸಿದ್ದಿಗಳು ನೆನಪಾಗಲಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಿನಂಚಲ್ಲಿ ಇರೋ ನಮ್ಮ ಸಿದ್ದಿ ಜನರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದಿದ್ದು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡ ಅಂತ ಸೇರಿಸಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು, ಸಿದ್ದಿಗಳಲ್ಲಿ ಮೊದಲ ಶಾಸಕರು.

ನನ್ನ ಜೊತೆ ಓದಿದ ಸಿದ್ದಿ ಗೆಳತಿ ಬೆಂಗಳೂರಿನ ಬಸ್ಸಿನಲ್ಲಿ ಕೂತರೆ ಜನ ಇಂಗ್ಲಿಷಲ್ಲಿ ಮಾತಾಡಿಸುತ್ತಾರೆ, ಯಾವ ದೇಶ ಅಂತ. ಅವಳು "ಯಲ್ಲಾಪುರ ರೀ" ಅಂದರೆ ನಗುತ್ತಾರೆ. ಅವಳ ಅಮ್ಮ ಹಳೇ ಸೀರೆ ತುಂಡು ಕೂಡಿಸಿ ಹೊಲಿದ ಕೌದಿ ನಮ್ಮನೆಯಲ್ಲಿದೆ, ಹದಿನೈದು ವರ್ಷವಾದರೂ ಒಂದು ಹೊಲಿಗೆ ಬಿಟ್ಟಿಲ್ಲ.

ಗದ್ದೆಮನೆ | 3 ಜನವರಿ

ನಿಜ, ತಪ್ಪು ನಮ್ಮದೇ. ಪಕ್ಕದ ಜಿಲ್ಲೆಯವನು ನಾನು, ನನಗೂ ಹೊಳೆಯಲಿಲ್ಲ.

ಸುಮ್ನೆ ಓದುಗ | 5 ಜನವರಿ

ತಾಜಾ ಸುದ್ದಿ. ನಿನ್ನೆ ರಾತ್ರಿ ಅಯೋವಾದಲ್ಲಿ ಸಿಎನ್‌ಎನ್ ಸಭೆಯಲ್ಲಿ ಹೇಲಿಗೆ ಮತ್ತೆ ಅದೇ ವಿಷಯ. ಮೊದಲೇ ಗುಲಾಮಗಿರಿ ಅನ್ನಬೇಕಿತ್ತು ಅಂತ ಒಪ್ಪಿಕೊಂಡರು. ಆದರೆ ಬೆಳೆಯುವಾಗ ನನಗೆ ಕಪ್ಪು ಗೆಳೆಯರಿದ್ದರು ಅಂತ ಸೇರಿಸಿದರು.

ಮಿರ್ಚಿ ಮಂಡಕ್ಕಿ | 5 ಜನವರಿ

ಮೊದಲ ವಾಕ್ಯಕ್ಕೇ ನಿಲ್ಲಿಸಿದ್ದರೆ ಪಾಸ್ ಆಗುತ್ತಿದ್ದರು.

ಪಾರ್ವತಕ್ಕ, ನ್ಯೂಜೆರ್ಸಿ | 5 ಜನವರಿ

ಎಂಟು ದಿನ ಬೇಕಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ.

ಕಾಫಿ ಲೋಟ | 7 ಜನವರಿ

ಈಗ ನೋಡಿ, ಟ್ರಂಪ್ ಅಯೋವಾದಲ್ಲಿ, ಅಂತರ್ಯುದ್ಧವನ್ನು ಮಾತುಕತೆಯಲ್ಲೇ ಬಗೆಹರಿಸಬಹುದಿತ್ತು ಅಂದಿದ್ದಾರೆ. ಹೇಲಿಗೆ ಹಾಕಿದಷ್ಟು ಛೀಮಾರಿ ಅವರಿಗೆ ಯಾಕಿಲ್ಲ? ಫ್ಲಾರಿಡಾದಲ್ಲಿ ಹೋದ ಜುಲೈಯಲ್ಲಿ, ಗುಲಾಮರು ಕಲಿತ ಕೆಲಸ ಕೆಲವು ಸಲ ಅವರಿಗೇ ಉಪಯೋಗಕ್ಕೆ ಬಂತು ಅಂತ ಪಾಠಕ್ರಮದಲ್ಲೇ ಸೇರಿಸಿದರು, ಅಲ್ಲಿನ ಗವರ್ನರ್ ಡಿಸ್ಯಾಂಟಿಸ್ ಅದನ್ನ ಸಮರ್ಥಿಸಿಕೊಂಡರು. ಹೆಂಗಸು, ಅದರಲ್ಲೂ ಭಾರತದ ಮೂಲದವಳು ಅಂತ ಎಲ್ಲರೂ ಮುಗಿಬಿದ್ದರು ಅಂತ ನನಗನ್ನಿಸೋದು ತಪ್ಪಾ?

ತುಮಕೂರು ಮೇಷ್ಟ್ರು | 7 ಜನವರಿ

ಇದು ಒಳ್ಳೆ ಪ್ರಶ್ನೆ. ಟ್ರಂಪ್ ಹೇಳಿದ್ದಕ್ಕೆ ಒಂದೇ ಮಾತು: ಏನನ್ನು ಮಾತುಕತೆಯಲ್ಲಿ ಬಗೆಹರಿಸೋದು? 40 ಲಕ್ಷ ಜನರಲ್ಲಿ ಎಷ್ಟು ಜನರನ್ನ ಬಿಡೋದು ಅಂತಲಾ? ಫ್ಲಾರಿಡಾದ ಪಾಠದ ಬಗ್ಗೆ ಅದೇ ಪಕ್ಷದ ಟಿಮ್ ಸ್ಕಾಟ್, ಅವರೂ ಸೌತ್ ಕೆರೊಲಿನಾದವರೇ, ಕಪ್ಪು ಸೆನೆಟರ್, ಗುಲಾಮಗಿರಿಯಲ್ಲಿ ಒಳ್ಳೇದು ಅಂತ ಏನೂ ಇಲ್ಲ ಅಂತ ಚೆನ್ನಾಗಿಯೇ ಹೇಳಿದರು. ಹೇಲಿಗೂ ಅಷ್ಟೇ ಸಾಕಿತ್ತು.

ಪಾರ್ವತಕ್ಕ, ನ್ಯೂಜೆರ್ಸಿ | 17 ಜನವರಿ

ಈಗ "ಅಮೆರಿಕ ಎಂದೂ ಜನಾಂಗ ದ್ವೇಷದ ದೇಶವಾಗಿರಲಿಲ್ಲ" ಅಂದಿದ್ದಾರೆ ಈ ಮಹಾತಾಯಿ. ಅವರೇ ಹೇಳಿಕೊಂಡ ಕಥೆ ಇದೆಯಲ್ಲ, ಚಿಕ್ಕವರಿದ್ದಾಗ ಬ್ಯಾಂಬರ್ಗ್ ಅನ್ನೋ ತಮ್ಮೂರಲ್ಲಿ ಮಕ್ಕಳ ಸೌಂದರ್ಯ ಸ್ಪರ್ಧೆಗೆ ಅಕ್ಕ ತಂಗಿ ಹೋದದ್ದು. ಅಲ್ಲಿ ಬಿಳಿ ರಾಣಿ ಒಬ್ಬಳು, ಕಪ್ಪು ರಾಣಿ ಒಬ್ಬಳು. ಇವರು ಎರಡಕ್ಕೂ ಸೇರಲ್ಲ ಅಂತ ಕೈಬಿಟ್ಟರು. ಆ ಐದು ವರ್ಷದ ಹುಡುಗಿಯನ್ನೇ ಕೇಳಿದ್ದರೆ ಸರಿಯಾದ ಉತ್ತರ ಕೊಡುತ್ತಿದ್ದಳು.

ಸುಮ್ನೆ ಓದುಗ | 24 ಜನವರಿ

ನ್ಯೂ ಹ್ಯಾಂಪ್‌ಶೈರ್ ಫಲಿತಾಂಶ: ಟ್ರಂಪ್ ಶೇಕಡಾ 54, ಹೇಲಿ ಶೇಕಡಾ 43. ಆ ಒಂದು ಉತ್ತರಕ್ಕೇ ಸೋತರು ಅನ್ನೋಕೆ ಆಗಲ್ಲ. ಅಲ್ಲಿನ ರಿಪಬ್ಲಿಕನ್ ಮತದಾರರಿಗೆ ಅದು ಅಷ್ಟು ದೊಡ್ಡ ವಿಷಯ ಆಗಿರಲೇ ಇಲ್ಲ ಅನ್ನೋದು ನನ್ನ ಅಂದಾಜು. ಅದು ಇನ್ನೂ ಬೇಜಾರಿನ ವಿಷಯ.

ಬಳ್ಳಾರಿ ಬಿಸಿಲು | 24 ಜನವರಿ

ಗ್ರೀನ್‌ವಿಲ್ ಕಡೆ ಒಳ್ಳೆ ಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಯಾರಿಗಾದರೂ ಗೊತ್ತಾ? ತಂಗಿ ಅಲ್ಲಿಗೆ ಹೋಗುತ್ತಿದ್ದಾಳೆ.

ಹಾಸನದ ಹುಡುಗ | 7 ಮಾರ್ಚ್ 2024

ಬಳ್ಳಾರಿಯವರೇ, ಮೆಸೇಜ್ ಮಾಡಿದ್ದೇನೆ, ನೋಡಿ.

ನಿನ್ನೆ ಹೇಲಿ ಕಣದಿಂದ ಹಿಂದೆ ಸರಿದರು. ಇಲ್ಲಿ ತವರಲ್ಲೂ ಸೋತಿದ್ದರು, ಗೆದ್ದಿದ್ದು ವಾಷಿಂಗ್ಟನ್ ಡಿಸಿ ಮತ್ತು ವರ್ಮಾಂಟ್ ಮಾತ್ರ. ಹಾಗಾಗಿ ಈ ಚರ್ಚೆ ಮುಗಿಯಿತು ಅಂತ ಬರೆಯೋಕೆ ಬಂದೆ, ಆದರೆ ಇನ್ನೊಂದು ವಿಷಯ ಇದೆ.

ಅಪ್ಪ ಫೆಬ್ರವರಿಯಲ್ಲಿ ಊರಿಗೆ ವಾಪಸ್ ಹೋದರು. ಹೋದ ವಾರ ಅಟ್ಟ ಹತ್ತಿ ತಾತನ ಲೆಕ್ಕದ ಪುಸ್ತಕ ಇಳಿಸಿದ್ದಾರೆ. ಕೆಂಪು ರಟ್ಟು, ಗೆದ್ದಲು ಅರ್ಧ ತಿಂದಿದೆ. ಒಂದು ಪುಟದ ಫೋಟೊ ಕಳಿಸಿದರು. ಮೇಲೆ ರಾಗಿ, ಹುರುಳಿ, ಎತ್ತಿನ ಲಾಳ. ಕೆಳಗೆ ಒಂದು ಸಾಲು, "ಜೀತ 150, ಕಂಬಳಿ 1". ಫೋಟೊ ಬಿಟ್ಟು ಬೇರೇನೂ ಬರೆದಿರಲಿಲ್ಲ. ಫೋನ್ ಮಾಡಿದೆ. ಸೀನಣ್ಣನ ದೊಡ್ಡಪ್ಪನ ಕಥೆ ಓದಿ ಹೇಳಿದ್ಯಲ್ಲ, ಅವತ್ತಿಂದ ತಲೆಯಲ್ಲಿ ಕೂತಿತ್ತು ಅಂದರು. ನಮ್ಮನೆಯಲ್ಲೂ ಕೊಟ್ಟಿಗೆ ಸೂರಿಗೆ ಒಂದು ತಟ್ಟೆ ಸಿಕ್ಕಿಸಿತ್ತು ಅಂದರು.

ಆನೇಕಲ್ ಸೀನ | 7 ಮಾರ್ಚ್

ಹೆಸರು ಏನಂತ ಬರೆದಿದೆ?

ಹಾಸನದ ಹುಡುಗ | 7 ಮಾರ್ಚ್

ಹೆಸರಿಲ್ಲ ಸೀನಣ್ಣ. "ಹಟ್ಟಿ ಹುಡುಗ" ಅಂತಷ್ಟೇ ಇದೆ. ಅವನ ತಮ್ಮ ಇನ್ನೂ ಇದ್ದಾನಂತೆ, ಕೆರೆ ಆಚೆ ಮನೆ. ಅಪ್ಪ ಭಾನುವಾರ ಹೋಗಿ ಕೇಳುತ್ತಾರಂತೆ.